ಒಂದು ಡಿಗ್ರಿ ಮೇಲೆ

ಗುರುವಾರ, ಬೆಳಗ್ಗೆ

ಪ್ರೀತಿಯ ಮಗಳೇ,

ಅಮ್ಮನ ಅಕ್ಷರ ನೋಡಿದ ಕೂಡಲೇ ಕಾಗದ ಹರಿದು ಹಾಕೋಣ ಅನ್ನಿಸಿದರೆ ಈ ಮೊದಲ ನಾಲ್ಕು ಸಾಲು ಓದಿ ಆಮೇಲೆ ಹರಿ. ಬರುವ ಭಾನುವಾರ ನಿನ್ನ ಫೋನಿನಲ್ಲಿ ಕಾಣುವ ಆ ಗೆರೆ ನಿಂತುಹೋಗುತ್ತೆ. ಗಾಬರಿ ಬೀಳಬೇಡ. ನಾನು ಸತ್ತಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದಿಲ್ಲ, ಕಾಯಿಲೆಯೂ ಇಲ್ಲ. ಮನೆ ಖಾಲಿ ಮಾಡುತ್ತಿದ್ದೇನೆ, ಅದಕ್ಕೆ ಫ್ರಿಜ್ಜಿನ ಪ್ಲಗ್ ಕೀಳಬೇಕು. ಅಷ್ಟೇ ವಿಷಯ. ಇನ್ನು ಹರಿಯುವುದಿದ್ದರೆ ಹರಿ.

ಹರಿಯಲಿಲ್ಲ ತಾನೇ? ಒಳ್ಳೆಯದು. ಹಾಗಾದರೆ ಕೂತು ಓದು.

ನಿನ್ನ ಚಿಕ್ಕಮ್ಮನ ಅಂಗಡಿಯ ಮೇಲಿನ ಕೋಣೆಗೆ ಹೋಗುತ್ತಿದ್ದೇನೆ. ಒಂದು ಮಂಚ, ಒಂದು ಕಿಟಕಿ, ನನ್ನ ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ. ಒಬ್ಬಳಿಗೆ ಇನ್ನೇನು ಬೇಕು? ಇಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದು ಇದ್ದು ನನ್ನ ಕೆಮ್ಮಿಗೆ ನಾನೇ ಬೆಚ್ಚುವಂತಾಗಿದೆ. ಸಾಮಾನು ಸಾಗಿಸುವವರು ನಿನ್ನೆ ಬಂದು ನೋಡಿಕೊಂಡು ಹೋದರು. ಚಿಕ್ಕಮ್ಮನ ಮೆಟ್ಟಿಲು ನಿನಗೆ ಗೊತ್ತಲ್ಲ, ಅದು ಮೆಟ್ಟಿಲಲ್ಲ, ಏಣಿ. ನಿಮ್ಮಪ್ಪನ ಹಳೇ ಫ್ರಿಜ್ಜು ಅದರಲ್ಲಿ ಹತ್ತುವ ಮಾತೇ ಇಲ್ಲ ಅಂದರು. ಅವರಲ್ಲೊಬ್ಬ ಫ್ರಿಜ್ಜಿನ ಬಾಗಿಲು ತೆಗೆದು, ಬಕೆಟ್ಟಿನ ಮುಚ್ಚಳ ಸರಿಸಿ, ಒಳಗೆ ಏನಮ್ಮಾ ಇದು ಅಂತ ಕೇಳಿದ. ನೀರಪ್ಪ ಅಂದೆ. ಬಕೆಟ್ ನೀರಿಗೆ ಇಷ್ಟು ಮರ್ಯಾದೆಯಾ ಅಂತ ನಕ್ಕ. ನಾನೂ ನಕ್ಕೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ನನ್ನ ನಂಬರನ್ನು ನೀನು ಹೊಸಿಲು ದಾಟಲು ಬಿಡುತ್ತಿಲ್ಲ. ನೀನು ಮಾಡಿಟ್ಟ ಪೆಟ್ಟಿಗೆಯಲ್ಲಿ ಹೇಳೋಣ ಅಂದರೆ ಅದಕ್ಕೆ ಬಾಯಿಲ್ಲ. ಮೇಲೆ ಅಂತ ಒಂದು ಬಟನ್ನು, ಕೆಳಗೆ ಅಂತ ಒಂದು ಬಟನ್ನು. ನಾನು ಮನೆ ಬಿಡುತ್ತಿದ್ದೇನೆ ಅನ್ನುವುದನ್ನು ಎರಡು ಬಟನ್ನಿನಲ್ಲಿ ಹೇಗಮ್ಮ ಹೇಳಲಿ? ಅದಕ್ಕೇ ಕಾಗದ. ಅಳಿಯಂದಿರ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಅವರು ನಿನ್ನ ಕೈಗೆ ಕೊಡುತ್ತಾರೆ. ಪಾಪ, ಅವರನ್ನ ಬೈಯಬೇಡ. ಅವರು ಸುಮ್ಮನಿದ್ದರು, ನಾನು ಬಟನ್ ಒತ್ತಿದೆ. ಸುಮ್ಮನಿದ್ದವರಿಗೆ ಕ್ಷಮೆ ಬೇಗ ಸಿಗುತ್ತೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಮನೆ ಖಾಲಿ ಮಾಡುವಾಗ ಒಂದೊಂದು ಸಾಮಾನೂ ಒಂದೊಂದು ಮಾತು ಎತ್ತುತ್ತೆ ಕಣೇ. ಇವತ್ತು ಬೆಳಗ್ಗೆ ನನ್ನ ಹೊಲಿಗೆ ಮೇಜಿನ ಮೇಲಿನ ಬಟ್ಟೆ ತೆಗೆದೆ. ನೀನು ಬೆಸುಗೆ ಹಾಕುವಾಗ ಸುಟ್ಟ ಆ ಕಪ್ಪು ಕಲೆ ಹಾಗೇ ಇದೆ. ಅವತ್ತು ನಿನಗೆ ಎಷ್ಟು ಬೈದಿದ್ದೆ! ತೂಕದ ಯಂತ್ರ ರಿಪೇರಿ ಮಾಡುವ ಕಂಪನಿಯಲ್ಲಿ ದಿನವಿಡೀ ಕೂತು ಬಂದವಳು ಮನೆಗೆ ಬಂದು ಮತ್ತೆ ಅದೇ ಕೆಲಸ ಮಾಡಬೇಕಾ, ಅದೂ ನನ್ನ ಮೇಜೇ ಬೇಕಾ ಅಂತ. ನೀನು ತಲೆ ಎತ್ತದೆ, ಅಮ್ಮಾ ಅಪ್ಪನಿಗೆ ನಿದ್ದೆ ಬರಬೇಕಾ ಬೇಡವಾ ಅಂತ ಕೇಳಿದೆ.

ನಿದ್ದೆ ಬರಬೇಕಿತ್ತು. ಜೀವಮಾನವೆಲ್ಲ ಲಾಂಡ್ರಿಯಲ್ಲಿ ಬಾಯ್ಲರ್ ಕಾದ ಮನುಷ್ಯ. ಗೇಜಿನ ಮುಳ್ಳು ಕೆಂಪು ಗೆರೆ ದಾಟದ ಹಾಗೆ ನೋಡಿಕೊಳ್ಳುವುದೇ ಅವರ ಬದುಕು. ಬೀದಿಯವರೆಲ್ಲ ಬಾಯ್ಲರಪ್ಪ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಕೆಲಸ ಬಿಟ್ಟ ಮೇಲೆ ಕಣ್ಣಿಗೆ ನೋಡಲು ಮುಳ್ಳಿಲ್ಲದೆ ಒದ್ದಾಡಿಹೋದರು. ಅಡುಗೆಮನೆಯಲ್ಲಿ ಕುಕ್ಕರ್ ಎದುರು ಸ್ಟೂಲ್ ಹಾಕಿಕೊಂಡು ಕೂತು, ಒತ್ತಡ ಜಾಸ್ತಿ ಆಗುತ್ತಿದೆ ಅಂತ ನನಗೆ ಹೇಳುತ್ತಿದ್ದರು. ಒತ್ತಡ ಕುಕ್ಕರಿಗಲ್ಲ, ನನಗೆ ಅಂತ ನಾನು ಅನ್ನುತ್ತಿದ್ದೆ. ಆಗ ಹಳೇ ಲಾಂಡ್ರಿ ಗೆಳೆಯರೊಬ್ಬರು ಮನೆಯಲ್ಲೇ ಮಾಡಿದ ಬಿಯರು ಒಂದು ಲೋಟ ಕುಡಿಸಿದರು ನೋಡು, ಮುಗಿಯಿತು. ಮೊಳಕೆ ಬರಿಸಿದ ಬಾರ್ಲಿ ಬಂತು, ಕಹಿ ಹೂವು ಬಂತು, ಯೀಸ್ಟು ಬಂತು, ನನ್ನ ದೊಡ್ಡ ಪಾತ್ರೆ ಹೋಯಿತು. ಕುಡಿಯುವುದಕ್ಕಿಂತ ಕಾಯುವುದೇ ಅವರಿಗೆ ಇಷ್ಟ. ಹುದುಗು ಏಳುವಾಗ ಶಾಖ ಒಂದೆರಡು ಡಿಗ್ರಿ ಆಚೀಚೆ ಆದರೆ ರುಚಿ ಕೆಟ್ಟುಹೋಗುತ್ತೆ ಅಂತ ಗೊತ್ತಾದದ್ದೇ ತಡ, ಬಕೆಟ್ಟಿಗೆ ನನ್ನ ಶಾಲು ಹೊದಿಸಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಲು ಶುರುಮಾಡಿದರು. ಮದುವೆಯಾದ ಇಷ್ಟು ವರ್ಷಕ್ಕೆ ಸವತಿ ಬಂದಳು, ಅದೂ ಪ್ಲಾಸ್ಟಿಕ್ಕಿನವಳು.

ಅದಕ್ಕೆ ನೀನು ಆ ಪೆಟ್ಟಿಗೆ ಮಾಡಿದೆ. ನಿನ್ನ ಊಟದ ಡಬ್ಬಿಗೇ ಕಾದ ಸ್ಕ್ರೂಡ್ರೈವರಿನಲ್ಲಿ ತೂತು ಕೊರೆದು, ಒಳಗೆ ಬೆರಳುದ್ದದ ಒಂದು ಹಸಿರು ಬೋರ್ಡು ಕೂರಿಸಿ, ಹೊರಗೆ ಪುಟ್ಟ ಪರದೆ ಹಚ್ಚಿ. ಬಕೆಟ್ಟು ಹಳೇ ಫ್ರಿಜ್ಜಿನೊಳಕ್ಕೆ, ಶಾಖ ಅಳೆಯುವ ತಂತಿಯೊಂದು ಬಕೆಟ್ಟಿನೊಳಕ್ಕೆ. ಬಿಸಿ ಜಾಸ್ತಿ ಆದರೆ ಫ್ರಿಜ್ಜು ತಾನೇ ಓಡುವುದು, ತಣ್ಣಗಾದರೆ ಬಣ್ಣದ ಡಬ್ಬಿಯೊಳಗೆ ಇಟ್ಟ ಬಲ್ಬು ತಾನೇ ಹತ್ತುವುದು. ಟಿಕ್ ಅಂತ ಒಂದು ಶಬ್ದ, ಮುಗಿಯಿತು. ಮೊದಲನೇ ಸಲ ಎರಡೂ ಒಟ್ಟಿಗೆ ಓಡಿ, ಒಂದು ಕಾಯಿಸುವುದು ಒಂದು ತಣಿಸುವುದು ಮಾಡಿ, ನಿಮ್ಮಪ್ಪ ಇದಕ್ಕೆ ನಮ್ಮಿಬ್ಬರ ಹೆಸರಿಡೋಣ ಅಂದದ್ದು ನೆನಪಿದೆಯಾ? ಇನ್ನೊಂದು ಸಲ ತಂತಿ ಸಡಿಲವಾಗಿ ಪರದೆಯ ಮೇಲೆ ಸೊನ್ನೆಗಿಂತ ನೂರಿಪ್ಪತ್ತೇಳು ಡಿಗ್ರಿ ಕೆಳಗೆ ಅಂತ ಬಂತು. ಬಕೆಟ್ಟಿನಲ್ಲಿ ಧ್ರುವಪ್ರದೇಶ ಬಂದು ಕೂತಿದೆಯಲ್ಲೇ ಅಂತ ಅವರು ಕೂಗಿಕೊಂಡರು. ಪೆಟ್ಟಿಗೆ ಅದನ್ನೇ ನಂಬಿ ಬಲ್ಬು ಆರಿಸದೆ ಉರಿಸಿ, ಯೀಸ್ಟೆಲ್ಲ ಬೆಂದುಹೋಯಿತು. ಆ ಗಂಜಿಯನ್ನೂ ಮಗಳ ಪೆಟ್ಟಿಗೆ ಮಾಡಿದ್ದು ಅಂತ ಒಂದು ಲೋಟ ಕುಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ಆಮೇಲೆ ನೀನು ಸರಿಮಾಡಿದೆ: ತಂತಿ ಹುಚ್ಚುಹುಚ್ಚಾಗಿ ಏನಾದರೂ ಹೇಳಿದರೆ ನಂಬಬೇಡ, ಎಲ್ಲ ಆರಿಸಿ ಸುಮ್ಮನಿರು ಅಂತ ಅದಕ್ಕೆ ಕಲಿಸಿದೆ. ತಂತಿಯ ಬುಡ ಮತ್ತೆ ಸಡಿಲವಾಗದ ಹಾಗೆ ನಾನು ಜೀನ್ಸ್ ಬಟ್ಟೆಯದೊಂದು ಕವಚ ಹೊಲಿದು ಹಾಕಿದೆ. ನಾವು ಮೂರೂ ಜನ ಸೇರಿ ಮಾಡಿದ ವಸ್ತು ಅಂತ ಈ ಮನೆಯಲ್ಲಿ ಏನಾದರೂ ಇದ್ದರೆ ಅದೊಂದೇ.

ನೀನು ಮದುವೆಯಾಗಿ ಅಷ್ಟು ದೂರ ಹೋಗುವಾಗ ಆ ಪೆಟ್ಟಿಗೆಗೆ ಇಂಟರ್ನೆಟ್ಟು ಕೊಟ್ಟು ಹೋದೆ. ಬಕೆಟ್ಟಿನ ಶಾಖ ನಿನ್ನ ಫೋನಿನಲ್ಲಿ ಗೆರೆಯಾಗಿ ಕಾಣುತ್ತೆ, ನೀನು ನೋಡುತ್ತಿರುವಾಗ ಇಲ್ಲಿ ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತೆ ಅಂತ ನಿಮ್ಮಪ್ಪನಿಗೆ ತೋರಿಸಿಕೊಟ್ಟೆ. ಅಲ್ಲಿಂದ ನೀನು ಒಂದು ಸಾಲು ಬರೆದರೆ ಇಲ್ಲಿ ಪರದೆಯಲ್ಲಿ ಮೂಡುವುದು. ಅವರಿಗೆ ಫೋನ್ ಅಂದರೆ ಆಗದು, ಕಿವಿಗೆ ಹಿಡಿದರೆ ಎರಡು ಹೂಂ ಅಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಆದರೆ ಈ ಆಟ ಎಷ್ಟು ಚೆನ್ನಾಗಿ ಹಿಡಿಸಿತು! ಊಟ ಆಯ್ತಾ ಅಪ್ಪ ಅಂತ ನೀನು ಕೇಳುವುದು, ಅವರು ಮೇಲಿನ ಬಟನ್ ಒಂದು ಸಲ ಒತ್ತುವುದು. ಒಂದು ಡಿಗ್ರಿ ಮೇಲೆ ಅಂದರೆ ಹೌದು, ಚೆನ್ನಾಗಿದ್ದೇನೆ, ಎಲ್ಲ ಸರಿ. ನೀನು ಅಲ್ಲಿಂದಲೇ ಒಂದು ಡಿಗ್ರಿ ಇಳಿಸಿದರೆ, ಆಯ್ತಪ್ಪ, ಗೊತ್ತಾಯ್ತು. ನಾನು ನಿನ್ನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದೆ. ಆದರೂ ಅಪ್ಪ ಮಗಳ ಆ ಒಂದು ಡಿಗ್ರಿ ಮುಂದೆ ನನ್ನ ಹರಟೆ ಏನೂ ಅಲ್ಲ ಅನ್ನಿಸುತ್ತಿತ್ತು.

ಈಗ ಆ ಮಾತಿಗೆ ಬರುತ್ತೇನೆ. ಬರದೆ ಬೇರೆ ದಾರಿ ಇಲ್ಲ.

ನಿನಗೆ ದಿನ ತುಂಬುತ್ತಿತ್ತು. ಹಿಂದೆ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಈ ಸಲ ನಿನ್ನ ಡಾಕ್ಟರಮ್ಮ ಮಂಚ ಬಿಟ್ಟು ಇಳಿಯಬೇಡ, ಮನಸ್ಸಿಗೆ ಯಾವ ಪೆಟ್ಟೂ ಬೀಳಬಾರದು ಅಂದಿದ್ದರು. ಅದೇ ಹೊತ್ತಿಗೆ ಇಲ್ಲಿ ನಿಮ್ಮಪ್ಪನ ಉಸಿರು ಸೋತಿತು. ಅಷ್ಟು ವರ್ಷ ಬಾಯ್ಲರ್ ಮುಂದೆ ಒಳಗೆಳೆದ ಹೊಗೆ ಒಳಗೇ ಕೂತಿತ್ತು. ಆಸ್ಪತ್ರೆಗೆ ಸೇರಿಸಿದೆ. ಈ ಸಲ ಮನೆಗೆ ಕರಕೊಂಡು ಹೋಗುವ ಆಸೆ ಇಟ್ಟುಕೊಳ್ಳಬೇಡಿ ಅಂತ ಅಲ್ಲಿನ ಡಾಕ್ಟರು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು. ಅಳಿಯಂದಿರಿಗೆ ಮಾತ್ರ ಫೋನ್ ಮಾಡಿದೆ. ಅವರು ಅತ್ತರು, ಏನು ಮಾಡೋಣ ಅಂತ ನನ್ನನ್ನೇ ಕೇಳಿದರು. ಏನೂ ಮಾಡಬೇಡಿ, ಸುಮ್ಮನಿರಿ ಅಂದೆ.

ಬೆಳಗ್ಗೆ ಬಟ್ಟೆ ಬದಲಿಸಲು ಮನೆಗೆ ಬಂದರೆ ಪರದೆಯ ಮೇಲೆ ನಿನ್ನ ಮಾತು: ಅಪ್ಪ, ಕೆಮ್ಮು ಕಡಿಮೆ ಆಯ್ತಾ? ನಾನು ಒತ್ತಿದೆ. ಒಂದು ಡಿಗ್ರಿ ಮೇಲೆ. ಸ್ವಲ್ಪ ಹೊತ್ತಿಗೆ ನೀನು ಇಳಿಸಿದೆ. ಅಲ್ಲಿಂದ ಶುರು. ಇದು ಪೂರ್ತಿ ನನ್ನ ತಲೆಯಲ್ಲೇ ಹುಟ್ಟಿದ್ದು. ಹಾಸಿಗೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ಮನುಷ್ಯನಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಹಿಂದೆ ಹಾಕಿಟ್ಟಿದ್ದ ಬಿಯರು ಆ ಹೊತ್ತಿಗೆ ಪೂರ್ತಿ ಹುದುಗಿ ತಣ್ಣಗೆ ಕೂತಿತ್ತು. ಅದನ್ನ ಬಾಟಲಿಗೆ ತುಂಬಿಟ್ಟೆ. ಬಕೆಟ್ ಖಾಲಿ ಇಟ್ಟರೆ ಗೆರೆ ಕುಣಿಯುತ್ತೆ, ನಿನಗೆ ಅನುಮಾನ ಬರುತ್ತೆ ಅಂತ ನೀರು ತುಂಬಿದೆ. ಬರೀ ನೀರಾದರೆ ಗೆರೆ ಹೆಣದ ಹಾಗೆ ಮಲಗುತ್ತೆ. ಹುದುಗು ಏಳುವ ಬಿಯರು ತನ್ನಷ್ಟಕ್ಕೆ ತಾನು ಬಿಸಿಯಾಗಬೇಕು. ಅದಕ್ಕೆ ಸಕ್ಕರೆ ಸುರಿದೆ, ಬ್ರೆಡ್ ಅಂಗಡಿಯಿಂದ ಯೀಸ್ಟು ತಂದು ಹಾಕಿದೆ. ಗೆರೆ ಮೆಲ್ಲಗೆ ಎದ್ದಿತು. ಹೊಸ ಬಿಯರು ಹಾಕಿದ್ದೀಯಾ ಅಪ್ಪ, ಭಲೇ ಅಂತ ನೀನು ಬರೆದೆ. ಅಮ್ಮನಿಗೆ ಸೂಜಿ ದಾರ ಬಿಟ್ಟು ಏನೂ ಬಾರದು ಅಂದುಕೊಂಡಿದ್ದೆಯಲ್ಲ, ನೋಡು.

ಅವರು ಹೋದದ್ದು ಒಂದು ಮಧ್ಯಾಹ್ನ. ಕೈ ಹಿಡಿದುಕೊಂಡೇ ಇದ್ದೆ. ನಿನ್ನ ಹೆಸರು ಹೇಳಿದರು, ನನ್ನದು ಹೇಳಲಿಲ್ಲ, ಅದಕ್ಕೂ ನನಗೆ ಬೇಜಾರಿಲ್ಲ. ಮಣ್ಣು ಮಾಡಿ ಬಂದೆವು. ಚಿಕ್ಕಮ್ಮ ನನ್ನ ಜೊತೆ ಇದ್ದಳು. ಮರುದಿನ ಬೆಳಗ್ಗೆ ಅವಳು ಚಹಾ ಮಾಡುತ್ತಿದ್ದಾಗ ಪೆಟ್ಟಿಗೆ ಕೀಂ ಅಂದಿತು. ಹೋಗಿ ನೋಡಿದೆ. ಅಪ್ಪ, ನಿದ್ದೆ ಬಂತಾ?

ಮಗಳೇ, ನೀನು ಬೇರೆ ಏನಾದರೂ ಕೇಳಿದ್ದರೂ ಆಗುತ್ತಿತ್ತು. ಊಟ ಆಯ್ತಾ ಅನ್ನಬಹುದಿತ್ತು, ಅಮ್ಮ ಬೈದಳಾ ಅನ್ನಬಹುದಿತ್ತು. ಅದನ್ನೇ ಕೇಳಿದೆ. ಚಿಕ್ಕಮ್ಮ ಹಿಂದಿನಿಂದ ಬಂದು ಓದಿ, ಬೇಡ ಅಕ್ಕಾ, ಒತ್ತಬೇಡ, ಪಾಪ ಸುತ್ತಿಕೊಳ್ಳುತ್ತೆ ಅಂದಳು. ಸುತ್ತಿಕೊಂಡರೆ ನನಗೆ ಸುತ್ತಿಕೊಳ್ಳಲಿ, ಅವಳ ಹೊಟ್ಟೆಗೆ ಬೇಡ ಅಂದೆ. ಒತ್ತಿದೆ. ಹೌದು ಕಂದ, ನಿದ್ದೆ ಬಂತು ಅಂತ. ನೀನು ಒಂದು ಡಿಗ್ರಿ ಇಳಿಸಿದೆ. ನಾನು ಅಲ್ಲೇ ಫ್ರಿಜ್ಜಿಗೆ ಒರಗಿ ಕೂತೆ. ಅದರ ಮೋಟರು ಬೆನ್ನಿಗೆ ಗುರ್ ಅನ್ನುತ್ತಿತ್ತು, ಎದ್ದು ಹೋಗಲು ಮನಸ್ಸು ಬರಲಿಲ್ಲ.

ಆಮೇಲೆ ದಿನಾ. ಮಗು ಒದೆಯುತ್ತಿದೆ ಅಪ್ಪ, ಒತ್ತಿದೆ. ಇವತ್ತು ಬಿಸಿಲು ಜಾಸ್ತಿ, ಫ್ರಿಜ್ಜು ನೋಡಿಕೋ, ಒತ್ತಿದೆ. ನಿನ್ನ ಜೊತೆ ಫೋನಿನಲ್ಲಿ ನಾನು ಎಂದಿನಂತೆ ಹರಟಿದೆ, ಅಪ್ಪ ಬಕೆಟ್ ಮುಂದೆ ಕೂತಿದ್ದಾರೆ, ಕರೆದರೂ ಬರಲ್ಲ ಅಂತ ಬೈದೆ. ಫೋನ್ ಇಟ್ಟು ಬಾಯಿಗೆ ಸೆರಗು ತುರುಕಿಕೊಂಡೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಿಸಿ ತುಪ್ಪ ಅಂತಾರಲ್ಲ, ಹಾಗೆ. ಗಂಡ ಸತ್ತವಳು ಗಟ್ಟಿಯಾಗಿ ಅತ್ತರೆ ಮನಸ್ಸು ಹಗುರ ಆಗುತ್ತೆ ಅಂತಾರೆ. ನನಗೆ ಆ ಪುಣ್ಯವೂ ಇರಲಿಲ್ಲ, ಎಲ್ಲಿ ನನ್ನ ಧ್ವನಿ ಕೇಳಿ ನಿನಗೆ ತಿಳಿಯುತ್ತೋ ಅಂತ.

ಆಮೇಲೆ ಆ ದಿನ ಬಂತು. ಪೆಟ್ಟಿಗೆ ಕೀಂ ಅಂತು. ಪರದೆಯಲ್ಲಿ: ಅಪ್ಪ, ಹೆಣ್ಣು. ನಿನ್ನದೇ ಮೂಗು. ಒಂದಲ್ಲ, ಎರಡು ಡಿಗ್ರಿ ಮೇಲೆ ಒತ್ತಿದೆ. ನೀನು ಇಳಿಸಲಿಲ್ಲ.

ಹೇಗೋ ನಿನಗೆ ಅನುಮಾನ ಬಂತು, ಅಳಿಯಂದಿರ ಬಾಯಿ ಬಿಡಿಸಿದೆ. ಹಸಿ ಬಾಣಂತಿ, ಮಗುವನ್ನು ಅವರ ಕೈಲಿಟ್ಟು, ರೈಲು ಹತ್ತಿ ಬಂದೆಯಲ್ಲೇ! ಬಾಗಿಲು ತೆಗೆದರೆ ನೀನು. ನನ್ನ ಮುಖ ಕೂಡ ನೋಡಲಿಲ್ಲ. ನೇರ ಫ್ರಿಜ್ಜಿನ ಹತ್ತಿರ ಹೋದೆ, ಬಕೆಟ್ ಮುಚ್ಚಳ ತೆಗೆದೆ, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಬ್ರೆಡ್ಡಿನ ಹುಳಿ ವಾಸನೆಯ ಸಕ್ಕರೆ ನೀರು. ಆಗ ತಿರುಗಿ ನನ್ನ ನೋಡಿದೆ. ನನ್ನ ಕೈಯಾರೆ ಮಾಡಿದ ಯಂತ್ರದ ಕೈಲಿ ನನಗೇ ಸುಳ್ಳು ಹೇಳಿಸಿದೆ ಅಂತ ನೀನು ಅಂದೆ. ಸತ್ತ ಅಪ್ಪನ ಬೆರಳು ಹಿಡಿದು ಬಟನ್ ಒತ್ತಿಸಿದ ಹಾಗಾಯಿತು ಅಂದೆ. ಅಪ್ಪ ಇದ್ದಾರೆ ಅಂತ ನಾನು ನಗುತ್ತಾ ಇದ್ದೆನಲ್ಲ, ಆ ಒಂದೊಂದು ನಗುವೂ ಈಗ ನನಗೆ ಹೇಸಿಗೆ ಅಂದೆ. ಇನ್ನು ನಿನ್ನ ಬಾಯಿಂದ ಬಂದ ಯಾವ ಮಾತನ್ನೂ ನಾನು ನಂಬುವುದಿಲ್ಲ, ಆದ್ದರಿಂದ ಮಾತೇ ಬೇಡ ಅಂದೆ. ಒಂದು ಲೋಟ ನೀರು ಕುಡಿ, ಹಸಿ ಮೈ ಅಂತ ನಾನು ಅಂದೆ. ಕುಡಿಯದೆ ಹೋದೆ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನಿನ್ನ ಹಟ ಎಲ್ಲಿಂದ ಬಂತು ಅಂತ ನಾನು ಯಾರನ್ನ ಕೇಳಲಿ?

ಆದರೂ ಒಂದು ಮಾತು ಹೇಳಿಯೇ ಹೇಳುತ್ತೇನೆ. ಇದು ತಪ್ಪೊಪ್ಪಿಗೆಯ ಕಾಗದ ಅಲ್ಲ. ಮತ್ತೆ ಅದೇ ಗಳಿಗೆ ಬಂದರೆ ಮತ್ತೆ ಒತ್ತುತ್ತೇನೆ. ನಿನ್ನ ಮಗಳು ಈ ಭೂಮಿ ಮೇಲೆ ಉಸಿರಾಡುತ್ತಿದ್ದಾಳೆ, ನನಗೆ ಅಷ್ಟು ಸಾಕು. ನಿಜ ಹೇಳಿದ್ದರೂ ಅವಳು ಹುಟ್ಟುತ್ತಿದ್ದಳೇನೋ, ಯಾರಿಗೆ ಗೊತ್ತು. ಅದನ್ನ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿರಲಿಲ್ಲ. ನೀನೇ ಅಪ್ಪನಿಗೆ ಹೇಳಿಕೊಟ್ಟದ್ದು ನಾನು ಕೇಳಿಸಿಕೊಂಡಿದ್ದೆ: ಅರ್ಧ ಡಿಗ್ರಿ ಆಚೀಚೆ ಆದರೆ ಪೆಟ್ಟಿಗೆ ಸುಮ್ಮನಿರಬೇಕು ಅಪ್ಪ, ಪ್ರತಿಯೊಂದಕ್ಕೂ ಎಗರಾಡಿದರೆ ಮೋಟರು ಸುಟ್ಟುಹೋಗುತ್ತೆ ಅಂತ. ಯಂತ್ರಕ್ಕೆ ಅಷ್ಟು ಸಡಿಲ ಕೊಟ್ಟವಳು ಹೆತ್ತವಳಿಗೆ ಕೂದಲೆಳೆಯಷ್ಟೂ ಕೊಡಲಿಲ್ಲವಲ್ಲೇ! ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತಾ?

ಬೈದುಬಿಟ್ಟೆ. ಬೈಯಬಾರದು ಅಂತಲೇ ಕೂತಿದ್ದೆ.

ನೀನು ಹೋದ ಮೇಲೆ ಪ್ಲಗ್ ಕಿತ್ತುಹಾಕಬಹುದಿತ್ತು. ಕೀಳಲು ಹೋದೆ ಕೂಡ. ಆಗ ಪರದೆಯ ಮೂಲೆಯಲ್ಲಿ ಚುಕ್ಕಿ ಕಾಣಿಸಿತು. ನೀನು ನೋಡುತ್ತಿದ್ದೆ. ಕೈ ಹಿಂದಕ್ಕೆ ತೆಗೆದೆ. ಅವತ್ತಿನಿಂದ ಆ ಬಕೆಟ್ಟಿನ ನೀರು ನಾನೇ ಬದಲಿಸುತ್ತೇನೆ. ಸಕ್ಕರೆ ಇಲ್ಲ, ಯೀಸ್ಟಿಲ್ಲ, ನಲ್ಲಿ ನೀರು. ಇನ್ನು ನಿನಗೆ ಯಾವ ಸುಳ್ಳೂ ಬೇಡ ಅಂತ. ಅದು ನೀರಿನ ಗೆರೆ ಅಂತ ನಿನಗೂ ಗೊತ್ತು, ಆದರೂ ದಿನಾ ಬೆಳಗ್ಗೆ ಚುಕ್ಕಿ ಬರುತ್ತೆ. ನಾನು ಹಲ್ಲುಜ್ಜುವ ಮೊದಲು ಅಲ್ಲಿ ಹೋಗಿ ನಿಲ್ಲುತ್ತೇನೆ. ನೀನು ನೀರು ನೋಡುತ್ತೀ, ನಾನು ಚುಕ್ಕಿ ನೋಡುತ್ತೇನೆ. ಇಷ್ಟು ದಿನ ನಮ್ಮ ನಡುವೆ ನಡೆದ ಮಾತು ಇಷ್ಟೇ. ನೋಡುವುದು ಅಪ್ಪನ ನೆನಪಿಗೋ, ಅಮ್ಮ ಇದ್ದಾಳೋ ಇಲ್ಲವೋ ಅಂತಲೋ, ನನಗೆ ಗೊತ್ತಿಲ್ಲ. ಎರಡನೆಯದು ಅಂದುಕೊಂಡು ಬದುಕಿದ್ದೇನೆ.

ಭಾನುವಾರದಿಂದ ಅದೂ ಇರುವುದಿಲ್ಲ. ಮನೆ ಹೋದರೆ ಹೋಗಲಿ, ಗೋಡೆಯೇನು ನಾನು ಹೆತ್ತದ್ದಾ. ಆ ಚುಕ್ಕಿ ಹೋದರೆ ನನಗೂ ನಿನಗೂ ನಡುವೆ ಏನು ಉಳಿಯುತ್ತೆ ಹೇಳು.

ಮೊಮ್ಮಗಳ ಹೆಸರು ಕೂಡ ನನಗೆ ಗೊತ್ತಿಲ್ಲ. ಅಳಿಯಂದಿರನ್ನ ಕೇಳಿದೆ. ಅದನ್ನ ಅವಳೇ ಹೇಳಬೇಕು ಅತ್ತೆ, ನಾನು ಹೇಳಿದರೆ ಸರಿಯಾಗಲ್ಲ ಅಂದರು. ಒಳ್ಳೆಯ ಮನುಷ್ಯ. ನಾನು ಒಳಗೊಳಗೇ ಪುಟ್ಟಿ ಅಂತ ಕರೆದುಕೊಂಡಿದ್ದೇನೆ. ಅಂದಾಜಿನ ಅಳತೆಗೆ ಒಂದಿಷ್ಟು ಫ್ರಾಕು ಹೊಲಿದಿಟ್ಟಿದ್ದೇನೆ. ಅಂದಾಜಿಗೆ ಹೊಲಿಯುವುದು ನನ್ನ ಜಾಯಮಾನವೇ ಅಲ್ಲ. ಗಿರಾಕಿ ಎದುರು ನಿಂತು ಅಳತೆ ಕೊಡದೆ ನಾನು ಕತ್ತರಿ ಹಿಡಿದವಳಲ್ಲ. ಪಕ್ಕದ ಮನೆ ಮಗುವನ್ನ ಎತ್ತಿಕೊಂಡು ತೋಳು ಅಳೆದು, ನಮ್ಮ ಪುಟ್ಟಿ ಇದಕ್ಕಿಂತ ಸ್ವಲ್ಪ ಸಣ್ಣ ಇರಬಹುದು ಅಂತ ಒಂದು ಬೆರಳು ಒಳಗೆ ಹಿಡಿದೆ. ಮೊದಲು ಹೊಲಿದದ್ದು ಈಗ ಅವಳಿಗೆ ಆಗಲಿಕ್ಕಿಲ್ಲ. ಮಕ್ಕಳು ನಿಲ್ಲುತ್ತವಾ?

ಪೆಟ್ಟಿಗೆಯನ್ನ ಫ್ರಿಜ್ಜಿನಿಂದ ಬಿಚ್ಚಿ, ತಂತಿ ಸುತ್ತಿ, ನನ್ನ ಜೊತೆ ತೆಗೆದುಕೊಂಡು ಹೋಗುತ್ತೇನೆ. ನಿನಗೆ ಬೇಕಾದರೆ ಕೊಡುತ್ತೇನೆ, ಬಂದು ತೆಗೆದುಕೋ.

ನನ್ನದೊಂದೇ ಕೋರಿಕೆ. ಭಾನುವಾರದೊಳಗೆ ಪೆಟ್ಟಿಗೆಯಲ್ಲಿ ಡಿಗ್ರಿ ಏರಿಸಿ ಇಳಿಸಿ ಉತ್ತರ ಕೊಡಬೇಡ. ಅದು ನಿನ್ನ, ನಿಮ್ಮಪ್ಪನ ಭಾಷೆ. ನಾನು ಅದರಲ್ಲಿ ಕಳ್ಳಿಯ ಹಾಗೆ ಮಾತಾಡಿ ಸಾಕಾಗಿದ್ದೇನೆ. ಬೈಯುವುದಿದ್ದರೂ ಬಾಯಿಂದ ಬೈಯಿ. ಚಿಕ್ಕಮ್ಮನ ಅಂಗಡಿಯ ಫೋನು ನಿನಗೆ ಗೊತ್ತು. ಅಮ್ಮ ನೀನು ಮಾಡಿದ್ದು ನಾನು ಸಾಯುವವರೆಗೆ ಮರೆಯಲ್ಲ ಅಂತ ಹೇಳಿ, ಹೇಳಿದ ಮೇಲೆ ಮಗುವಿನ ಹೆಸರು ಹೇಳಿ ಫೋನ್ ಇಡು. ನಾನು ತಿರುಗಿ ಒಂದು ಮಾತೂ ಆಡುವುದಿಲ್ಲ. ಆಡದೆ ಇರಲು ಪ್ರಯತ್ನ ಮಾಡುತ್ತೇನೆ.

ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತೀಯಾ? ಸೊಂಟಕ್ಕೆ ಬೆಚ್ಚಗೆ ಬಟ್ಟೆ ಕಟ್ಟಿಕೊ. ತಣ್ಣೀರು ಮುಟ್ಟಬೇಡ.

ಎಷ್ಟು ಸಿಟ್ಟು ಮಾಡಿದರೂ ನಿನ್ನವಳೇ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಕಡೆ, ಇದು ಪೂರ್ತಿ ನನ್ನ ತಲೆಯಲ್ಲೇ ಹುಟ್ಟಿದ್ದು, ನಿಮ್ಮಪ್ಪನಿಗೆ ಗೊತ್ತಿರಲಿಲ್ಲ ಅಂತ ಬರೆದೆ. ಅದು ಸುಳ್ಳು. ಸುಳ್ಳಿನ ಜಗಳದ ಕಾಗದದೊಳಗೇ ಇನ್ನೊಂದು ಸುಳ್ಳು ಇಟ್ಟು ಕಳಿಸಲು ಕೈ ಬರಲಿಲ್ಲ. ಹೇಳಿಕೊಟ್ಟದ್ದೆಲ್ಲ ಅವರೇ. ಸಕ್ಕರೆ ಹಾಕು, ಬ್ರೆಡ್ಡಿನ ಯೀಸ್ಟು ಹಾಕು, ಗೆರೆ ಏಳುತ್ತೆ ಅಂತ ಮೂಗಿನ ನಳಿಕೆ ಸರಿಸಿ ಸರಿಸಿ ಹೇಳಿದರು. ಮಗು ಬರುವವರೆಗೆ ನಾನು ಹೋದದ್ದು ಅವಳಿಗೆ ಗೊತ್ತಾಗಬಾರದು, ಆಮೇಲೆ ಅವಳ ಸಿಟ್ಟು ನನ್ನ ಮೇಲೆ ಬರದ ಹಾಗೆ ನೋಡಿಕೋ ಅಂತ ಕೈ ಮೇಲೆ ಕೈ ಇಡಿಸಿಕೊಂಡರು. ಸಿಟ್ಟು ತಡೆಯಲು ಬದುಕಿರುವವಳು ನಾನಿದ್ದೆನಲ್ಲ, ಹೂಂ ಅಂದೆ. ನಿನ್ನ ಮಾತು ಬಂದ ಕೂಡಲೇ ಒತ್ತಬೇಡ ಅಂತಲೂ ಹೇಳಿದ್ದರು. ಅವರ ಮಾತಲ್ಲೇ ಹೇಳುವುದಾದರೆ: ನಾನಾದರೆ ಕನ್ನಡಕ ಹುಡುಕುತ್ತೇನೆ, ಅಂಗಿಗೆ ಒರೆಸಿಕೊಳ್ಳುತ್ತೇನೆ, ನಿನಗೆ ಓದಿ ಹೇಳುತ್ತೇನೆ, ಆಮೇಲೆ ಒತ್ತುತ್ತೇನೆ. ಅಷ್ಟು ಹೊತ್ತು ಬಿಡದಿದ್ದರೆ ಅವಳು ಹಿಡಿದುಬಿಡುತ್ತಾಳೆ ಅಂದರು. ಪ್ರತಿ ಸಲ ಹಾಗೇ ಮಾಡಿದೆ ಮಗಳೇ. ಅವರ ಕನ್ನಡಕ ಹುಡುಕಿದೆ, ಅವರ ಅಂಗಿಗೆ ಒರೆಸಿದೆ, ಯಾರೂ ಇಲ್ಲದ ಮನೆಗೆ ಗಟ್ಟಿಯಾಗಿ ಓದಿ ಹೇಳಿದೆ, ಆಮೇಲೆ ಒತ್ತಿದೆ. ಮಗು ಹುಟ್ಟಿದ ದಿನ ಮಾತ್ರ ಉತ್ತರ ತಕ್ಷಣ ಬಂದುಬಿಟ್ಟಿತು, ಅಪ್ಪ ಯಾವತ್ತೂ ಹಾಗೆ ಕೊಡುವವರಲ್ಲ, ಅದಕ್ಕೇ ನಿನಗೆ ಅನುಮಾನ ಬಂತು ಅಂತ ಅಳಿಯಂದಿರು ಆಮೇಲೆ ಹೇಳಿದರು. ನಿಜ. ಹೆಣ್ಣು ಅಂತ ಓದಿದ ಮೇಲೆ ನನಗೆ ಕನ್ನಡಕ ನೆನಪಾಗಲಿಲ್ಲ, ನಿಮ್ಮಪ್ಪನೂ ನೆನಪಾಗಲಿಲ್ಲ. ಅವತ್ತೊಂದು ದಿನ ಒತ್ತಿದ್ದು ಅವರ ಪರವಾಗಿ ಅಲ್ಲ. ನಾನೇ, ಪುಟ್ಟಿಯ ಅಜ್ಜಿ.